ಪ್ರಯೋಗಶಾಲೆಯ ಬೀಗವನ್ನು ಜೂನ್‌ನಲ್ಲೇ ತೆಗೆಯಿರಿ: ಯಾದಗಿರಿ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳ ಬಹಿರಂಗ ಪತ್ರ

ಇವರಿಗೆ,
ಪದವಿಪೂರ್ವ ಶಿಕ್ಷಣದ ಹೊಣೆ ಹೊತ್ತ ಅಧಿಕಾರಿಗಳು, ಹಾಗೂ
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರಸಾಯನಶಾಸ್ತ್ರ ಉಪನ್ಯಾಸಕರು

ವಿಷಯ: ಪ್ರಥಮ ಪಿಯುಸಿಯಲ್ಲಿ ರಸಾಯನಶಾಸ್ತ್ರವನ್ನು ಕೈಯಿಂದ ಮಾಡಿ ಕಲಿಯಲು ಅವಕಾಶ ಕೊಡುವ ಬಗ್ಗೆ ಮನವಿ

ಮಾನ್ಯರೇ,

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ವಿಜ್ಞಾನ ವಿಷಯ ತೆಗೆದುಕೊಂಡು ಪಿಯುಸಿ ಮುಗಿಸಿ, ಈಗ ಕಲಬುರಗಿಯಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೇನೆ. ಪಿಯುಸಿ ಓದಿದ ಕಾಲೇಜಿನ ಹೆಸರನ್ನು ಈ ಪತ್ರದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಒಂದು ಕಾಲೇಜಿನ ಮೇಲೆ ಮಾತ್ರ ದೂರು ಹೇಳಬೇಕಾಗಿದ್ದರೆ ಅರ್ಜಿ ಬರೆದು ಕಚೇರಿಗೆ ಕೊಟ್ಟು ಬರುತ್ತಿದ್ದೆ. ಆದರೆ ಹಾಸ್ಟೆಲಿನಲ್ಲಿ ನನ್ನ ಜೊತೆಗಿರುವ ಔರಾದ್, ಚಿಂಚೋಳಿ, ಜೇವರ್ಗಿ, ಸುರಪುರ ಕಡೆಯ ಗೆಳತಿಯರು ತಮ್ಮ ತಮ್ಮ ಕಾಲೇಜಿನ ಮಾತು ತೆಗೆದಾಗ, ಊರಿನ ಹೆಸರೊಂದನ್ನು ಬದಲಿಸಿದರೆ ಅದು ನನ್ನದೇ ಅನುಭವವಾಗುವುದನ್ನು ಕಂಡ ಮೇಲೆ, ನಿಮ್ಮೆಲ್ಲರಿಗೂ ಒಟ್ಟಾಗಿ, ಬಹಿರಂಗವಾಗಿಯೇ ಬರೆಯಬೇಕೆನಿಸಿತು.

ಕಳೆದ ಸೆಮಿಸ್ಟರಿನ ಒಂದು ಮಧ್ಯಾಹ್ನದಿಂದ ಆರಂಭಿಸುತ್ತೇನೆ. ಬ್ಯೂರೆಟ್ಟಿನಲ್ಲಿ, ಅಂದರೆ ಅಳತೆ ಗೆರೆಗಳಿದ್ದು ಕೆಳಗೆ ನಲ್ಲಿಯಿರುವ ಗಾಜಿನ ಕೊಳವೆಯಲ್ಲಿ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ಕೆಳಗೆ ಫ್ಲಾಸ್ಕಿನಲ್ಲಿ ಹತ್ತು ಮಿಲಿಲೀಟರ್ ಆಕ್ಸಾಲಿಕ್ ಆಮ್ಲ, ಅದರೊಳಗೆ ಆಮ್ಲ ತೀರಿದ್ದನ್ನು ಬಣ್ಣದಿಂದ ತೋರಿಸುವ ಫಿನಾಫ್ತಲೀನ್ ಎರಡು ಹನಿ ಇತ್ತು. ಎಡಗೈಯಿಂದ ನಲ್ಲಿಯನ್ನು ತಿರುಗಿಸುತ್ತ ಬಲಗೈಯಿಂದ ಫ್ಲಾಸ್ಕನ್ನು ಆಡಿಸುತ್ತಿದ್ದೆ. ಹನಿ ಬಿದ್ದಲ್ಲಿ ಗುಲಾಬಿ ಬಣ್ಣ ಮೂಡಿ, ಆಡಿಸಿದ ಕೂಡಲೇ ಮಾಯವಾಗುತ್ತಿತ್ತು. ಹೋಗುತ್ತ ಹೋಗುತ್ತ ಬಣ್ಣ ಮಾಯವಾಗುವುದಕ್ಕೆ ಹೆಚ್ಚು ಹೊತ್ತು ಹಿಡಿಯತೊಡಗಿತು. ಆಮೇಲೆ ಒಂದು ಹನಿ, ಅಂದರೆ ಸುಮಾರು 0.05 ಮಿಲಿಲೀಟರ್, ಬಿದ್ದದ್ದೇ ತಡ, ಇಡೀ ಫ್ಲಾಸ್ಕು ತೆಳು ಗುಲಾಬಿಯಾಗಿ ಹಾಗೆಯೇ ನಿಂತುಬಿಟ್ಟಿತು. ಒಂದೇ ಒಂದು ಹನಿ. ಅದಕ್ಕಿಂತ ಮುಂಚೆ ಅಲ್ಲಿ ಆಮ್ಲವಿತ್ತು, ಅದರ ನಂತರ ಇರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಗೆಳತಿ ಮಾತಾಡಿಸಿದರೂ ನನಗೆ ಕೇಳಿಸಲಿಲ್ಲ. ಎರಡು ವರ್ಷ ರಸಾಯನಶಾಸ್ತ್ರ ಓದಿ, ಪ್ರಾಯೋಗಿಕ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಬಂದ ನಾನು, ತಟಸ್ಥೀಕರಣ ಎಂಬುದನ್ನು ಕಣ್ಣಾರೆ ಕಂಡದ್ದು ಆ ದಿನವೇ.

ಹಾಗಾದರೆ ಪಿಯುಸಿಯ ಆ ಅಂಕ ಎಲ್ಲಿಂದ ಬಂತು ಎಂದು ನೀವು ಕೇಳಬೇಕು, ನಾನು ಹೇಳಬೇಕು. ನನ್ನ ರೆಕಾರ್ಡ್ ಪುಸ್ತಕದಲ್ಲಿ ಇದೇ ಪ್ರಯೋಗವಿದೆ. ಬಣ್ಣ ನಿಲ್ಲುವವರೆಗೆ ಬ್ಯೂರೆಟ್ಟಿನಿಂದ ಎಷ್ಟು ಮಿಲಿಲೀಟರ್ ಇಳಿಯಿತು ಎಂಬ ಮೂರು ಸಲದ ರೀಡಿಂಗ್ 9.8, 9.8, 9.8 ಎಂದು ನೀಟಾಗಿ ಗೆರೆ ಎಳೆದು ಬರೆದಿದ್ದೇನೆ. ಅದನ್ನು ನಾನು ಹಿಂದಿನ ವರ್ಷದ ಅಕ್ಕನೊಬ್ಬಳ ಪುಸ್ತಕ ನೋಡಿ ಬರೆದೆ. ಆಕೆ ತನಗಿಂತ ಹಿಂದಿನವರ ಪುಸ್ತಕ ನೋಡಿ ಬರೆದಿದ್ದಳು. ಯಾವ ವರ್ಷ, ಯಾವ ವಿದ್ಯಾರ್ಥಿ, ಯಾವ ದ್ರಾವಣದಿಂದ ಆ 9.8 ಅನ್ನು ನಿಜವಾಗಿ ಓದಿದನೋ ಯಾರಿಗೂ ಗೊತ್ತಿಲ್ಲ, ಆದರೆ ಆ ಸಂಖ್ಯೆ ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ಸಾಗುತ್ತಿದೆ, ಅದರ ಕೆಳಗೆ ಕೆಂಪು ಮಸಿಯ ಸಹಿಯೂ ಬೀಳುತ್ತಿದೆ. ಕಲಬುರಗಿಯಲ್ಲಿ ನನಗೆ ಸಿಕ್ಕ ರೀಡಿಂಗ್ 10.3, 10.1, 10.1. ಮೊದಲನೆಯದು ಏಕೆ ಹೆಚ್ಚಾಯಿತು ಎಂದು ಯೋಚಿಸಿದಾಗ, ಬಣ್ಣ ನಿಂತ ಮೇಲೂ ಗಾಬರಿಯಿಂದ ಮೂರ್ನಾಲ್ಕು ಹನಿ ಹೆಚ್ಚು ಬಿಟ್ಟಿದ್ದೆ ಎಂಬುದು ತಿಳಿಯಿತು. ಆ 0.2 ಮಿಲಿಲೀಟರ್ ತಪ್ಪು ನನಗೆ ಕಲಿಸಿದಷ್ಟನ್ನು ಆ ಮೂರು 9.8ಗಳು ಕಲಿಸಲಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನದ ಮಾತನ್ನೂ ಮುಚ್ಚಿಡಲಾರೆ. ಲವಣ ವಿಶ್ಲೇಷಣೆಯಲ್ಲಿ ಯಾವ ಸಂಖ್ಯೆಯ ಪೊಟ್ಟಣದಲ್ಲಿ ಯಾವ ಲವಣವಿದೆ ಎಂಬುದು ಅಂದು ಬೆಳಿಗ್ಗೆಯೇ ನಮಗೆಲ್ಲ ಗೊತ್ತಾಗಿತ್ತು. ನನಗೆ ಬಂದದ್ದು ಬೇರಿಯಂ ಕ್ಲೋರೈಡ್. ಜ್ವಾಲಾ ಪರೀಕ್ಷೆಯಲ್ಲಿ ಸೇಬಿನ ಹಸಿರು ಬಣ್ಣ ಕಂಡಿತು, ಸಿಲ್ವರ್ ನೈಟ್ರೇಟ್ ಹಾಕಿದಾಗ ಮೊಸರಿನಂಥ ಬಿಳಿ ಪ್ರಕ್ಷೇಪ (ದ್ರಾವಣದಿಂದ ಬೇರ್ಪಡುವ ಗಟ್ಟಿ ಪದಾರ್ಥ) ಬಂತು, ಅದು ಅಮೋನಿಯಾದಲ್ಲಿ ಕರಗಿತು ಎಂದು ಉತ್ತರಪತ್ರಿಕೆಯಲ್ಲಿ ಬರೆದೆ. ಅಂದು ನನ್ನ ಮೇಜಿನ ಮೇಲಿನ ಸ್ಪಿರಿಟ್ ದೀಪ ಹತ್ತಿರಲೇ ಇಲ್ಲ. ಸಿಲ್ವರ್ ನೈಟ್ರೇಟ್ ದುಬಾರಿ ಎಂದು ಅದರ ಬಾಟಲಿಯನ್ನು ಕಪಾಟಿನಿಂದ ಹೊರಗೆ ತೆಗೆದಿರಲಿಲ್ಲ. ಕಾಣದ ಬಣ್ಣವನ್ನು ಕಂಡೆ ಎಂದು ಬರೆದು ಅಂಕ ತೆಗೆದುಕೊಂಡ ತಪ್ಪಿನಲ್ಲಿ ನನ್ನ ಪಾಲೂ ಇದೆ. ಹದಿನಾರು ವರ್ಷದ ಮಕ್ಕಳಿಗೆ ಸುಳ್ಳು ಬರೆಯುವುದನ್ನೇ ಪ್ರಯೋಗ ಎಂದು ಕಲಿಸುವ ವ್ಯವಸ್ಥೆಗೂ ಅದರಲ್ಲಿ ಪಾಲಿದೆ ಎಂದು ವಿನಯದಿಂದಲೇ ಹೇಳುತ್ತೇನೆ.

ನಮ್ಮ ಕಾಲೇಜಿನಲ್ಲಿ ಪ್ರಯೋಗಶಾಲೆ ಇರಲಿಲ್ಲವೆಂದಲ್ಲ. ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಪ್ರಯೋಗದ ಅವಧಿಯೂ ಇತ್ತು. ಆ ಅವಧಿಯಲ್ಲಿ ನಮ್ಮನ್ನು ತರಗತಿಯಲ್ಲೇ ಕೂರಿಸಿ ಉಳಿದುಹೋದ ಪಾಠ ಮಾಡುತ್ತಿದ್ದರು, ಇಲ್ಲವೇ ಮನೆಗೆ ಬಿಡುತ್ತಿದ್ದರು. ಬೀಗದ ಕೈ ಇಟ್ಟುಕೊಳ್ಳಲು, ದ್ರಾವಣ ತಯಾರಿಸಲು, ಗಾಜಿನ ಸಾಮಾನು ತೊಳೆದಿಡಲು ಸಹಾಯಕರು ಇರಲಿಲ್ಲ. ಫೆಬ್ರುವರಿಯ ಪರೀಕ್ಷೆಗೆ ಎರಡು ವಾರ ಮುಂಚೆ ಬಾಗಿಲು ತೆಗೆದಾಗ ನಾನು ಎಣಿಸಿದ್ದು ಎಂಟು ಬ್ಯೂರೆಟ್. ಅವುಗಳಲ್ಲಿ ಮೂರರ ನಲ್ಲಿ ಸೋರುತ್ತಿತ್ತು. ಬಾಟಲಿಗಳ ಮೇಲಿನ ಚೀಟಿಗಳು ಆವಿಗೆ ಸುಟ್ಟು ಹೋಗಿದ್ದವು. ಅದರೊಳಗೆ ಏನಿದೆ ಎಂದು ಕೇಳಿದರೆ, ವಾಸನೆ ನೋಡಬೇಡಿ, ಮುಟ್ಟಬೇಡಿ ಎಂಬ ಉತ್ತರ ಬರುತ್ತಿತ್ತು. ಮುಟ್ಟದೆ ಕಲಿಯುವುದಕ್ಕೆ ರಸಾಯನಶಾಸ್ತ್ರವೇನು ಆಕಾಶದ ನಕ್ಷತ್ರವಲ್ಲ.

ಇನ್ನು ಭಾಷೆಯ ಮಾತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಪಿಯುಸಿಯ ಮೊದಲ ತಿಂಗಳು ಹೇಗಿರುತ್ತದೆ ಎಂಬುದನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಉಪನ್ಯಾಸಕರು ಅಂದಾಜು ಮಾಡುವುದು ಕಷ್ಟ. ನನಗೆ ಜಲಜನಕ ಗೊತ್ತಿತ್ತು, ಹೈಡ್ರೋಜನ್ ಕೂಡ ಗೊತ್ತಿತ್ತು. ಅಷ್ಟರಮಟ್ಟಿಗೆ ತೊಂದರೆಯಿರಲಿಲ್ಲ. ಆದರೆ ಪ್ರತ್ಯಾಮ್ಲ ಎಂದು ಕಲಿತದ್ದೇ ಇಲ್ಲಿ ‘ಬೇಸ್’ ಆಗಿದೆ ಎಂದು ಯಾರೂ ಹೇಳಲಿಲ್ಲ. ಬೇಸ್ ಎಂದರೆ ಅಡಿಪಾಯ ಎಂದು ಇಂಗ್ಲಿಷ್ ಪಾಠದಲ್ಲಿ ಓದಿದ್ದರಿಂದ, ಯಾವುದರ ಅಡಿಯಲ್ಲಿ ಏನಿದೆ ಎಂದು ಮೂರು ವಾರ ತಲೆ ಕೆಡಿಸಿಕೊಂಡಿದ್ದೇನೆ. ‘ಪ್ರೆಸಿಪಿಟೇಟ್’ ಎಂದು ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಅದು ಹತ್ತನೇ ತರಗತಿಯಲ್ಲಿ ನಾನು ಚಿತ್ರ ಬರೆದು ಗುರುತಿಸಿದ್ದ ಪ್ರಕ್ಷೇಪವೇ ಎಂದು ತಿಳಿದದ್ದು ದೀಪಾವಳಿ ರಜೆಯಲ್ಲಿ, ಅದೂ ಹಳೆಯ ಪುಸ್ತಕ ತಿರುವುವಾಗ. ಉತ್ಕರ್ಷಣ, ಅಪಕರ್ಷಣ, ಸಹವೇಲೆನ್ಸಿ ಬಂಧ, ಬಹಿರುಷ್ಣಕ ಕ್ರಿಯೆ ಇವೆಲ್ಲ ನನ್ನ ಕೈಯಲ್ಲಿದ್ದ ನಾಣ್ಯಗಳು. ಹೊಸ ಊರಿನಲ್ಲಿ ಅವು ನಡೆಯುವುದಿಲ್ಲವೆಂದು ನಾನೇ ಎಸೆದುಬಿಟ್ಟೆ. ನನಗಿಂತ ಜಾಣರಾಗಿದ್ದ ಇಬ್ಬರು ಗೆಳತಿಯರು ಆಗಸ್ಟ್ ಮುಗಿಯುವ ಮುನ್ನ ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡು ಹೋದರು. ಅವರು ಸೋತದ್ದು ರಸಾಯನಶಾಸ್ತ್ರಕ್ಕಲ್ಲ.

ಪಠ್ಯವೂ ಮೊದಲಿನಂತಿಲ್ಲ. ಶಾಲಾ ಪಠ್ಯಪುಸ್ತಕ ರೂಪಿಸುವ ಕೇಂದ್ರ ಸಂಸ್ಥೆಯಾದ ಎನ್‌ಸಿಇಆರ್‌ಟಿ ಈಚಿನ ವರ್ಷಗಳಲ್ಲಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಮೂಲವಸ್ತುಗಳ ಆವರ್ತಕ ವರ್ಗೀಕರಣದ ಅಧ್ಯಾಯವನ್ನೇ ತೆಗೆದುಹಾಕಿದೆ. ಮೆಂಡಲೀವ್ 1869ರಲ್ಲಿ ಮಾಡಿದ ಆ ಕೋಷ್ಟಕವನ್ನು ಮೊದಲ ಬಾರಿಗೆ ಹನ್ನೊಂದನೇ ತರಗತಿಯಲ್ಲಿ, ಅದೂ ಎಲೆಕ್ಟ್ರಾನ್ ವಿನ್ಯಾಸದ ಜೊತೆಗೇ ಎದುರಿಸಬೇಕಾದ ಮಗುವಿಗೆ ಜೂನ್ ತಿಂಗಳು ಇನ್ನಷ್ಟು ಕಡಿದಾಗುತ್ತದೆ ಎಂಬುದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲವೂ ಕತ್ತಲೆಯಾಗಿತ್ತೆಂದು ಹೇಳಿದರೆ ಅನ್ಯಾಯವಾಗುತ್ತದೆ. ಮೊದಲ ವರ್ಷ ಸೆಪ್ಟೆಂಬರಿನಲ್ಲಿ ನಮಗೆ ಒಬ್ಬ ಅತಿಥಿ ಉಪನ್ಯಾಸಕರು ಬಂದರು. ಅಷ್ಟು ಹೊತ್ತಿಗೆ ‘ಮೋಲ್’ ಎಂಬ ಪದ ನಮ್ಮನ್ನು ಹೈರಾಣು ಮಾಡಿತ್ತು. ಅದರ ವ್ಯಾಖ್ಯೆಯನ್ನು ನೋಟ್ಸಿನಲ್ಲಿ ಬರೆಸಿದ್ದರು. ಹನ್ನೆರಡು ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳ ಸಂಖ್ಯೆ ಎಂಬ ಹಳೆಯ ವ್ಯಾಖ್ಯೆ ಅದು. 2019ರ ಮೇ 20ರಿಂದ ಮೋಲ್ ಎಂದರೆ ನಿಖರವಾಗಿ 6.02214076 × 10²³ ಕಣಗಳು ಎಂದು ಜಗತ್ತೇ ಒಪ್ಪಿಕೊಂಡಿದೆ, ನಮ್ಮ ಪಠ್ಯಪುಸ್ತಕದಲ್ಲೂ ಅದು ಅಚ್ಚಾಗಿದೆ. ಆದರೆ ನೋಟ್ಸು ಪುಸ್ತಕಕ್ಕಿಂತ ಹಳೆಯದಾಗಿತ್ತು. ಹೊಸ ಸರ್ ಒಂದು ದಿನ ಕಾಗದದ ಪೊಟ್ಟಣದಲ್ಲಿ ತೊಗರಿ ತಂದು ಪ್ರತಿ ಬೆಂಚಿಗೂ ಒಂದೊಂದು ಹಿಡಿ ಕೊಟ್ಟರು. "ಒಂದು ಕ್ವಿಂಟಲ್ ಚೀಲದಾಗ ಎಷ್ಟು ಕಾಳು ಇರ್ತಾವ? ಚೀಲ ಸುರುವಿ ಎಣಿಸದೆ ಹೇಳ್ರಿ ನೋಡೋಣು" ಎಂದರು. ತೊಗರಿಗೆ ಹೆಸರಾದ ಸೀಮೆ ನಮ್ಮದು, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಆ ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆಯಲ್ಲಿ ತೊಗರಿ ಬೆಳೆಯುತ್ತಾರೆ. ಆದರೂ ಯಾರಿಗೂ ಉತ್ತರ ಹೊಳೆಯಲಿಲ್ಲ.

ಹತ್ತು ಬೆಂಚಿನವರು ತಲಾ ನೂರು ಕಾಳು ಎಣಿಸಿ ಒಂದು ತಟ್ಟೆಗೆ ಹಾಕಿದೆವು. ಎದುರಿನ ಕಿರಾಣಿ ಅಂಗಡಿಯಿಂದ ತಂದ ತಕ್ಕಡಿಯಲ್ಲಿ ಆ ಸಾವಿರ ಕಾಳು ನೂರು ಗ್ರಾಮಿಗಿಂತ ಎರಡು ಗ್ರಾಂ ಹೆಚ್ಚು ತೂಗಿತು. ಹಾಗಾದರೆ ಕ್ವಿಂಟಲಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಕಾಳು. "ಅಡತಿ ಅಂಗಡ್ಯಾಗ ಯಾರೂ ಕಾಳು ಎಣಿಸಂಗಿಲ್ಲ, ತೂಗ್ತಾರ. ರಸಾಯನಶಾಸ್ತ್ರದವರೂ ಪರಮಾಣು ಎಣಿಸಂಗಿಲ್ಲ, ತೂಗ್ತಾರ. ತೂಕದಾಗ ಎಣಿಕಿ ಐತಿ, ಅದ ಮೋಲ್" ಎಂದು ಸರ್ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಹಾಗಾದರೆ ಒಂದು ಮೋಲ್ ತೊಗರಿಗೆ ಎಷ್ಟು ಚೀಲ ಬೇಕು ಎಂದು ಕೇಳಿದ. ನಾವೇ ಭಾಗಿಸಿ ನೋಡಿದೆವು. ಆರರ ಮುಂದೆ ಹದಿನೇಳು ಸೊನ್ನೆ ಬರೆಯುವಷ್ಟು ಚೀಲ! ಅಷ್ಟೇ ಸಂಖ್ಯೆಯ ನೀರಿನ ಅಣುಗಳು ಹದಿನೆಂಟು ಗ್ರಾಂ ನೀರಿನಲ್ಲಿ, ಅಂದರೆ ನಾಲ್ಕು ಚಮಚಕ್ಕೂ ಕಡಿಮೆ ನೀರಿನಲ್ಲಿ ಇರುತ್ತವೆ ಎಂದಾಗ ತರಗತಿ ಮೌನವಾಯಿತು. ಅಣು ಎಷ್ಟು ಸಣ್ಣದು ಎಂಬುದು ನನ್ನೊಳಗೆ ಇಳಿದದ್ದು ಆ ಹೊತ್ತಿನಲ್ಲಿ. ಆ ಸರ್ ಅವರ ಅವಧಿ ಆ ವರ್ಷಕ್ಕೆ ಮುಗಿಯಿತು, ಮರುವರ್ಷ ಬರಲಿಲ್ಲ. ಅವರ ಜಾಗಕ್ಕೆ ಯಾರು ಬರುತ್ತಾರೆಂದು ನಾವು ಮತ್ತೆ ಆಗಸ್ಟಿನವರೆಗೆ ಕಾದೆವು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿಗೆ ಈಗ ಬರುತ್ತೇನೆ. ದ್ವಿತೀಯ ಪಿಯುಸಿ ಪುಸ್ತಕದಲ್ಲಿ ದ್ರಾವಣಗಳ ಅಧ್ಯಾಯ ತೆರೆದ ಕೂಡಲೇ ಒಂದು ಮಾತು ಬರುತ್ತದೆ. ನೀರಿನಲ್ಲಿ ಫ್ಲೋರೈಡ್ ಅಯಾನು ಹತ್ತು ಲಕ್ಷಕ್ಕೆ ಒಂದು ಭಾಗ ಇದ್ದರೆ ಹಲ್ಲು ಹುಳುಕಾಗದಂತೆ ಕಾಯುತ್ತದೆ, 1.5 ಭಾಗವಾದರೆ ಹಲ್ಲಿನ ಮೇಲೆ ಕಲೆ ಮೂಡಿಸುತ್ತದೆ, ಅದಕ್ಕಿಂತ ಬಹಳ ಹೆಚ್ಚಾದರೆ ವಿಷವಾಗುತ್ತದೆ ಎಂಬ ಅರ್ಥದ ಮಾತು. ನಮ್ಮ ತರಗತಿಯಲ್ಲಿ ಅದನ್ನು ಒಮ್ಮೆ ಓದಿ, ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಮುಂದಿನ ಪುಟಕ್ಕೆ ಹೋದರು. ಯಾದಗಿರಿ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ತಮ್ಮನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡ ಪಟ್ಟೆಗಳಿವೆ. ನಗುವಾಗ ಅವನು ಕೈ ಅಡ್ಡ ಹಿಡಿಯುತ್ತಾನೆ. ನಾನು ವಿಜ್ಞಾನಕ್ಕೆ ಸೇರಿದ ವರ್ಷವೇ ಅವನು, "ಅಕ್ಕಾ, ನೀ ಸೈನ್ಸ್ ಓದ್ಲಕತ್ತಿ ಅಲಾ, ನನ್ನ ಹಲ್ಲಿಗಿ ಏನಾಗ್ಯಾದ ಹೇಳು" ಎಂದು ಕೇಳಿದ್ದ. ಉತ್ತರ ಮರುವರ್ಷದ ನನ್ನ ಪುಸ್ತಕದಲ್ಲೇ ಅಚ್ಚಾಗಿ ಬರುವುದಿತ್ತು. ಅದು ಕೈಗೆ ಬಂದ ದಿನವೂ ನನಗೆ ಅದು ಉತ್ತರವೆಂದು ಗೊತ್ತಾಗಲಿಲ್ಲ. ಏಕೆಂದರೆ ‘ಪಿಪಿಎಂ’, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂಬ ಆ ಅಳತೆ, ನನ್ನ ಪಾಲಿಗೆ ಎರಡು ಅಂಕದ ಸೂತ್ರವಾಗಿತ್ತು.

ಈಗ ನಾನು ಲೆಕ್ಕ ಹಾಕಬಲ್ಲೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಫ್ಲೋರಿನ್ನಿನ ಪರಮಾಣು ತೂಕ 19. ಆದ್ದರಿಂದ ಲೀಟರಿಗೆ 1.5 ಮಿಲಿಗ್ರಾಂ ಎಂದರೆ 4.75 × 10¹⁹ ಅಯಾನುಗಳು. ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ಅವು ಹಲ್ಲು ಮೂಡುವ ವಯಸ್ಸಿನ ಮಕ್ಕಳ ಹಲ್ಲಿನೊಳಗೆ ಸೇರಿಕೊಳ್ಳುತ್ತವೆ. ನಮ್ಮವ್ವ ಬಹಳ ವರ್ಷಗಳಿಂದ ನೀರು ಕುದಿಸಿ ಆರಿಸಿ ಕೊಡುತ್ತಿದ್ದಾಳೆ. "ಕುದಿಸಿದ್ರ ಎಲ್ಲಾ ಹೋಗ್ತದ" ಎಂಬುದು ಆಕೆಯ ನಂಬಿಕೆ. ರೋಗಾಣುಗಳ ಮಟ್ಟಿಗೆ ಅದು ನಿಜವೇ. ಆದರೆ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪಕ್ಕದ ತೆಲಂಗಾಣದ ನಲ್ಗೊಂಡ ಜಿಲ್ಲೆಯ ಹೆಸರಿನಲ್ಲೇ ಒಂದು ವಿಧಾನವಿದೆ. ಪಟಿಕ ಮತ್ತು ಸುಣ್ಣ ಹಾಕಿ ಕಲಕಿ, ತಳಕ್ಕೆ ಕೂರಿಸಿ, ಸೋಸಿ ಫ್ಲೋರೈಡ್ ಕಡಿಮೆ ಮಾಡುವ ಕ್ರಮ ಅದು. ಇದು ಪ್ರಕ್ಷೇಪದ ಪಾಠವಲ್ಲದೆ ಮತ್ತೇನು? ಈ ಪಾಠವನ್ನು ನಮ್ಮ ಊರಿನ ನೀರಿನ ಮೇಲೆ ಮಾಡಿ ತೋರಿಸಿದ್ದರೆ ನಾನು ಅವ್ವನಿಗೆ ಎರಡು ವರ್ಷ ಮುಂಚೆಯೇ ಹೇಳುತ್ತಿದ್ದೆ.

ನಮ್ಮ ಮೂರು ಜಿಲ್ಲೆಗಳಲ್ಲಿ ರಸಾಯನಶಾಸ್ತ್ರಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಬ್ಬಿಣದ ಮೊಳೆಯನ್ನು ಮೈಲುತುತ್ತಿನ (ತಾಮ್ರದ ಸಲ್ಫೇಟ್) ದ್ರಾವಣದಲ್ಲಿ ಇಟ್ಟರೆ ತಾಮ್ರ ಕೂರುತ್ತದೆ ಎಂಬ ಸ್ಥಾನಪಲ್ಲಟ ಕ್ರಿಯೆಯನ್ನು ಎಲ್ಲರೂ ಓದಿರುತ್ತಾರೆ. ಬೀದರಿನಲ್ಲಿರುವ ನಮ್ಮ ಸೋದರಮಾವನ ಮನೆಗೆ ಹೋದಾಗ ಬಿದರಿ ಕೆಲಸದ ಒಂದು ಅಂಗಡಿಯಲ್ಲಿ ಅರ್ಧ ದಿನ ಕುಳಿತು ನೋಡಿದೆ. ಬಿದರಿ ಪಾತ್ರೆಯ ಮಿಶ್ರಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿದ ಬೂದು ಬಣ್ಣದ ಹೂಜಿಯ ಮೇಲೆ ಕುಶಲಕರ್ಮಿ ಚಾಚಾ ಮೈಲುತುತ್ತಿನ ನೀರನ್ನು ಬಟ್ಟೆಯಿಂದ ಸವರಿದರು. ಸವರಿದ ಕಡೆಯೆಲ್ಲ ಕ್ಷಣದಲ್ಲಿ ಕಪ್ಪಾಯಿತು. ಆ ಕಪ್ಪಿನ ಮೇಲೆ ಮೊನಚಾದ ಉಳಿಯಿಂದ ಬಳ್ಳಿ ಕೊರೆದಾಗ ಗೆರೆ ಬೆಳ್ಳಗೆ ಎದ್ದು ಕಂಡಿತು. ಗೆರೆ ಕಾಣಲೆಂದೇ ಆ ಕಪ್ಪು, ಆಮೇಲೆ ಅದನ್ನು ಉಜ್ಜಿ ತೆಗೆಯುತ್ತಾರೆ. ಸತುವು ತಾಮ್ರವನ್ನು ದ್ರಾವಣದಿಂದ ಹೊರಹಾಕಿದ್ದು ನನ್ನ ಕಣ್ಣೆದುರೇ ನಡೆದಿತ್ತು. ಆದರೆ ಪುಸ್ತಕದಲ್ಲಿ ತಾಮ್ರ ಕೆಂಪು ಕಂದು, ಇಲ್ಲಿ ಏಕೆ ಕಪ್ಪು? ಬಹಳ ಸೂಕ್ಷ್ಮವಾದ ಪುಡಿಯಾಗಿ ಕೂತ ತಾಮ್ರ ಕಪ್ಪಾಗಿ ಕಾಣುತ್ತದೆ ಎಂದು ಕಲಬುರಗಿಯ ನಮ್ಮ ಉಪನ್ಯಾಸಕರು ಆಮೇಲೆ ತಿಳಿಸಿದರು. ಆ ಪ್ರಶ್ನೆ ಪುಸ್ತಕ ಓದಿದವರಿಗೆ ಹುಟ್ಟುವುದಿಲ್ಲ, ನೋಡಿದವರಿಗೆ ಹುಟ್ಟುತ್ತದೆ.

ಕೊನೆಯಲ್ಲಿ ಅವರು ಬೆಳ್ಳಿ ಕೂರಿಸಿದ ಪಾತ್ರೆಯನ್ನು ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ದ್ರಾವಣದಿಂದ ಉಜ್ಜಿದರು. ಸತುವಿನ ಮೈ ಶಾಶ್ವತವಾಗಿ ಕಪ್ಪಾಯಿತು, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯಿತು. ಮಣ್ಣು ಸರಿಯಾಗಿದೆಯೇ ಎಂದು ಚಾಚಾ ಒಂದು ಚಿಟಿಕೆಯನ್ನು ನಾಲಿಗೆಗೆ ತಾಗಿಸಿ ನೋಡಿದ್ದರು. ಪ್ರಯೋಗಶಾಲೆಯಲ್ಲಿ ಹಾಗೆ ಮಾಡಬಾರದೆಂದು ನಮಗೆ ಗೊತ್ತು. ಆದರೆ ಒಂದು ವಸ್ತುವನ್ನು ಅಷ್ಟು ಹತ್ತಿರದಿಂದ ಬಲ್ಲ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಷ್ಟು ದೂರವೂ ಬೇಡ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಒಂದು ಚೂರಿನ ಮೇಲೆ ಲಿಂಬೆ ರಸ ಹಿಂಡಿದರೆ ಸಣ್ಣ ಗುಳ್ಳೆ ಏಳುತ್ತವೆ. ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಹಾಕಿ ಕಲಕಿ, ತಿಳಿಯಾದ ಮೇಲಿನ ನೀರನ್ನು ಬೇರೆ ಲೋಟಕ್ಕೆ ಬಸಿದು ಅದರೊಳಗೆ ಕೊಳವೆಯಿಂದ ಮೆಲ್ಲಗೆ ಉಸಿರು ಊದಿದರೆ ಹಾಲಿನಂತಾಗುತ್ತದೆ. ವಾಡಿ, ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇದೇ ಕಲ್ಲಿನ ಮೇಲೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಒಡೆದು ಸುಟ್ಟ ಸುಣ್ಣವಾಗಿ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ವಿಭಜನ ಕ್ರಿಯೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಯಾವ ಪಠ್ಯದಲ್ಲೂ ಸಿಗಲಾರದು. ಈ ಪ್ರಯೋಗಗಳಿಗೆ ಹತ್ತು ರೂಪಾಯಿಯೂ ಖರ್ಚಾಗುವುದಿಲ್ಲ.

ನಿಮ್ಮ ಕಷ್ಟಗಳನ್ನು ನಾನು ಅರಿಯದವಳಲ್ಲ. ಪಠ್ಯ ಮುಗಿಯುವುದಿಲ್ಲ, ಸಿಇಟಿ, ನೀಟ್ ತಯಾರಿ ಮಾಡಿಸದಿದ್ದರೆ ಪೋಷಕರು ಒಪ್ಪುವುದಿಲ್ಲ, ಮಕ್ಕಳ ಕೈಗೆ ಆಮ್ಲ ಕೊಟ್ಟು ಅನಾಹುತವಾದರೆ ಜವಾಬ್ದಾರರು ಯಾರು ಎಂಬ ಭಯ, ಇವೆಲ್ಲ ನಿಜ. ಆದರೆ ಪಠ್ಯ ಮುಗಿಸುವ ಅವಸರದಲ್ಲಿ ಕಳೆದುಕೊಂಡ ಪ್ರಯೋಗದ ಅವಧಿಗಳು ನಮಗೆ ಸಮಯವನ್ನೇನೂ ಉಳಿಸಿಕೊಡಲಿಲ್ಲ. ಮೋಲ್ ಅರ್ಥವಾಗದೆ ನಾವು ಮುಂದಿನ ಪ್ರತಿಯೊಂದು ಅಧ್ಯಾಯದಲ್ಲೂ ಎಡವಿದೆವು. ಕೋಚಿಂಗ್ ಎಂಬುದು ಹಣವಿದ್ದು ನಗರದಲ್ಲಿ ಉಳಿಯಬಲ್ಲವರ ಮಾತು, ತಾಲ್ಲೂಕಿನ ಕಾಲೇಜೇ ನಮ್ಮಂಥವರಿಗೆ ಗತಿ. ಸುರಕ್ಷತೆಯ ವಿಷಯಕ್ಕೆ ಬಂದರೆ, ವರ್ಷವಿಡೀ ಮುಟ್ಟದೆ ಫೆಬ್ರುವರಿಯ ಒಂದು ದಿನ ಏಕಾಏಕಿ ಸಾಂದ್ರ ಆಮ್ಲದ ಮುಂದೆ ನಿಲ್ಲಿಸುವುದೇ ಹೆಚ್ಚು ಅಪಾಯಕರ ಎಂದು ನನಗನಿಸುತ್ತದೆ.

ಆದ್ದರಿಂದ ನಾನು ಕೇಳಿಕೊಳ್ಳುವುದು ಇಷ್ಟು. ಕಾಲೇಜು ಆರಂಭವಾದ ಮೊದಲ ತಿಂಗಳಿನಿಂದಲೇ ಪ್ರತಿ ವಾರ ಪ್ರತಿ ತಂಡಕ್ಕೂ ಪ್ರಯೋಗಶಾಲೆ ತೆರೆಯಬೇಕು. ಯಾವ ವಾರ ಯಾವ ಪ್ರಯೋಗ ಎಂಬುದನ್ನು ಬಾಗಿಲಿಗೆ ಅಂಟಿಸಬೇಕು, ನಡೆಯದಿದ್ದರೆ ಏಕೆ ನಡೆಯಲಿಲ್ಲ ಎಂಬುದನ್ನೂ ಅಲ್ಲಿಯೇ ಬರೆಯಬೇಕು. ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಹಾಜರಾತಿ ಪುಸ್ತಕದ ಜೊತೆಗೆ ಬ್ಯೂರೆಟ್‌ಗಳನ್ನೂ ನೋಡಬೇಕು, ಒಬ್ಬ ವಿದ್ಯಾರ್ಥಿಯನ್ನು ಕರೆದು ಒಂದು ರೀಡಿಂಗ್ ತೆಗೆಯಲು ಹೇಳಬೇಕು. ಅತಿಥಿ ಉಪನ್ಯಾಸಕರನ್ನು ತರಗತಿ ಆರಂಭವಾಗುವ ಮುನ್ನವೇ ನೇಮಿಸಬೇಕು, ಚೆನ್ನಾಗಿ ಕಲಿಸುವವರನ್ನು ಉಳಿಸಿಕೊಳ್ಳಬೇಕು.

ಹಣದ ಪ್ರಶ್ನೆ ಬರುತ್ತದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲಿದ್ದವು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, ನಮ್ಮ ಭಾಗಕ್ಕೆಂದೇ ಪ್ರದೇಶಾಭಿವೃದ್ಧಿ ಮಂಡಳಿಯಾಗಿದೆ. ಕಟ್ಟಡಗಳಿಗೆ ಅನುದಾನ ಕೊಡುವಾಗ ಕಟ್ಟಡದೊಳಗಿನ ಪ್ರನಾಳಗಳಿಗೂ, ಪ್ರತಿ ಪ್ರಯೋಗಶಾಲೆಗೆ ಒಬ್ಬ ತರಬೇತಿ ಪಡೆದ ಸಹಾಯಕರಿಗೂ ಒಂದು ಪಾಲು ಇರಲಿ ಎಂದು ಶಿಫಾರಸು ಮಾಡುವ ಅಧಿಕಾರ ನಿಮಗಿದೆ. 371(ಜೆ) ಮೀಸಲಾತಿಯಿಂದ ಕಾಲೇಜಿನ ಬಾಗಿಲು ನಮಗೆ ತೆರೆದಿದೆ, ಒಳಗಿನ ಪ್ರಯೋಗಶಾಲೆಯ ಬಾಗಿಲೂ ತೆರೆಯಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ವಾರ ಸೇತುಬಂಧ ತರಗತಿ ನಡೆಸಿ, ಮುನ್ನೂರು ಪದಗಳ ಒಂದು ತೆಳುವಾದ ಕೈಪಿಡಿ ಕೊಡಿ. ಎಡಗಡೆ ನಾವು ಕಲಿತ ಪದ, ಬಲಗಡೆ ನಾವು ಕಲಿಯಬೇಕಾದ ಪದ ಇರಲಿ. ನನ್ನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಇನ್ನೂರರಷ್ಟು ಪದಗಳನ್ನು ನಾನೇ ಹೀಗೆ ಜೋಡಿಸಿದ್ದೇನೆ, ಬೇಕಾದರೆ ಸಂತೋಷದಿಂದ ಕಳಿಸಿಕೊಡುತ್ತೇನೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೂರೂ ರೀಡಿಂಗ್ ಒಂದೇ ಆಗಿದ್ದರೆ ಪೂರ್ಣ ಅಂಕ ಎಂಬ ರೂಢಿ ಬಿಡಿ, ರೀಡಿಂಗ್ ಏಕೆ ಬೇರೆ ಬಂತೆಂದು ವಿವರಿಸಬಲ್ಲವರಿಗೆ ಅಂಕ ಕೊಡಿ. ಇನ್ನೊಂದು ಕೋರಿಕೆ ನನ್ನ ಮನಸ್ಸಿಗೆ ಬಹಳ ಹತ್ತಿರವಾದುದು: ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಕುಡಿಯುವ ನೀರನ್ನು ಒಂದು ಬಾಟಲಿಯಲ್ಲಿ ತಂದು, ಉಪನ್ಯಾಸಕರ ಎದುರು ಅದರ ಫ್ಲೋರೈಡ್, ಗಡಸುತನ, ಪಿಎಚ್ ಪರೀಕ್ಷಿಸಿ, ಫಲಿತಾಂಶವನ್ನು ಊರಿನ ಗ್ರಾಮ ಪಂಚಾಯಿತಿಗೆ ಬರೆದು ತಿಳಿಸುವುದು ಪ್ರಥಮ ಪಿಯುಸಿಯ ಒಂದು ಪ್ರಯೋಗವಾಗಲಿ. ನೀರು ಪರೀಕ್ಷಿಸುವ ಸಣ್ಣ ಕಿಟ್‌ಗಳನ್ನು ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಕೈಗೇ ಕೊಟ್ಟು ತರಬೇತಿ ನೀಡುತ್ತಿರುವಾಗ, ರಸಾಯನಶಾಸ್ತ್ರ ಓದುವ ಮಕ್ಕಳ ಕೈಗೆ ಕೊಡಲು ಅಡ್ಡಿಯೇನಿದೆ?

ನನ್ನ ತಮ್ಮ ಈ ವರ್ಷ ಹತ್ತನೇ ತರಗತಿ ಪಾಸಾಗಿ, ನಾನು ಓದಿದ ಕಾಲೇಜಿಗೇ, ವಿಜ್ಞಾನ ವಿಭಾಗಕ್ಕೇ ಸೇರುತ್ತಿದ್ದಾನೆ. ಕಳೆದ ವಾರ ಫೋನ್ ಮಾಡಿ ನನ್ನ ಹಳೆಯ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ಎಲ್ಲಿದೆ ಎಂದು ಕೇಳಿದ. ಅದು ಊರಿನ ಮನೆಯಲ್ಲಿ, ನನ್ನ ಪೆಟ್ಟಿಗೆಯಲ್ಲಿದೆ. ಬೀಗದ ಕೈ ನನ್ನ ಹತ್ತಿರವೇ ಇದೆ, ಅವನಿಗೆ ಇನ್ನೂ ಕೊಟ್ಟಿಲ್ಲ. ಜೂನ್‌ನಲ್ಲಿ ನೀವು ಪ್ರಯೋಗಶಾಲೆಯ ಬಾಗಿಲು ತೆಗೆಯುವಿರೆಂದು ಕಾಯುತ್ತಿದ್ದೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಪ್ರಥಮ ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ